ಸೇವೆಗೆ ಹೊರಟವರ ಸಂಬಳದ ಪ್ರಶ್ನೆ

ಅತ್ತಿಗುಪ್ಪೆಯಲ್ಲಿ ಮೆಟ್ರೊ ಇಳಿದು ಚಂದ್ರಾ ಲೇಔಟ್ ಕಡೆಗೆ ನಡೆದರೆ ಎರಡು ಜಾತಿಯ ಬೋರ್ಡುಗಳು ಕಣ್ಣಿಗೆ ರಾಚುತ್ತವೆ. ಒಂದು, ಊರಲ್ಲೇ ಉಳಿಸುವವು: ಕೆಎಎಸ್, ಪಿಎಸ್‌ಐ, ಎಫ್‌ಡಿಎ ಕೋಚಿಂಗ್. ಇನ್ನೊಂದು, ಊರು ಬಿಡಿಸುವವು: ಐಇಎಲ್‌ಟಿಎಸ್, ಜರ್ಮನ್ ಭಾಷೆ, ವೀಸಾ ಸಲಹೆ. ಈಚೆಗೆ ಈ ಎರಡನೆಯ ಜಾತಿಯ ಕೆಳಸಾಲಿನಲ್ಲಿ ‘ವಾಲಂಟಿಯರಿಂಗ್ ಪ್ರೋಗ್ರಾಂ’ ಎಂಬುದೂ ಬಂದು ಕೂತಿದೆ. ಹೊರದೇಶದಲ್ಲಿ ಆರು ತಿಂಗಳೋ ವರ್ಷವೋ ಸ್ವಯಂಸೇವೆ ಮಾಡಿ ಬನ್ನಿ, ಕೆಲಸ ತಾನಾಗಿ ಬೆನ್ನಿಗೆ ಬರುತ್ತದೆ ಎಂಬ ಭರವಸೆ. ಮನೆಮನೆಗಳಲ್ಲಿ ಇದರ ಮೇಲೆ ಚರ್ಚೆಯೂ ಶುರುವಾಗಿದೆ.

‘ಅಲ್ಲಾ ಸಾರ್, ಸಂಬಳ ಇಲ್ಲದ ಕೆಲಸಕ್ಕೆ ವಿಮಾನ ಹತ್ತಬೇಕಾ? ಸೇವೆ ಮಾಡಲೇಬೇಕು ಅಂತಿದ್ರೆ ಇಲ್ಲೇ ಸುಮನಹಳ್ಳಿಗೆ ಹೋಗ್ಲಿ, ಬಸ್ ಚಾರ್ಜು ನಾನು ಕೊಡ್ತೀನಿ’ ಎಂದರು ಬಸವೇಶ್ವರನಗರದ ಒಬ್ಬ ಹಿರಿಯರು, ಬಿಎಸ್‌ಡಬ್ಲ್ಯು ಮುಗಿಸಿದ ಮಗಳ ಎದುರಿಗೇ. ‘ಬಸ್ಸು ನಂಗೆ ಫ್ರೀ ಅಪ್ಪಾ’ ಎಂದಳು ಅವಳು.

ಅಪ್ಪನ ಮಾತಿನಲ್ಲಿ ಸಿಟ್ಟಿತ್ತು, ಬುದ್ಧಿಯೂ ಇತ್ತು. ಮಾಗಡಿ ರಸ್ತೆಯೂ ಹೊರವರ್ತುಲ ರಸ್ತೆಯೂ ಸೇರುವಲ್ಲಿರುವ ಸುಮನಹಳ್ಳಿ, ಕುಷ್ಠರೋಗಿಗಳ ಪುನರ್ವಸತಿಗೆಂದು 1970ರ ದಶಕದಲ್ಲಿ ಹುಟ್ಟಿದ ಸಂಸ್ಥೆ. ಈಗಿನವರಿಗೆ ಆ ಹೆಸರು ಹೇಳಿದರೆ ನೆನಪಾಗುವುದು ಫ್ಲೈಓವರ್ ಮತ್ತು ಅದರ ಗುಂಡಿ. ಅಂಥ ಕಡೆ ಒಂದು ವರ್ಷ ನೆಟ್ಟಗೆ ದುಡಿದವಳ ಅರ್ಜಿಗೆ ಹೊರದೇಶದ ಯಾವುದೇ ಗಂಭೀರ ಸಂಸ್ಥೆಯಲ್ಲಿ ತೂಕ ಹೆಚ್ಚು. ಇದನ್ನು ಬೋರ್ಡು ಹಾಕಿದವರು ಹೇಳುವುದಿಲ್ಲ. ಹೇಳಿದರೆ ಅವರಿಗೇನು ಗಿಟ್ಟುತ್ತದೆ?

ಸುಮನಹಳ್ಳಿ ದಾಟಿ ಮಾಗಡಿ ರಸ್ತೆಯಲ್ಲಿ ಮುಂದೆ ಹೋದರೆ ವಿಶ್ವನೀಡಂ ಅಂಚೆ, ಪಿನ್‌ಕೋಡ್ 560091. ಕೊರಿಯರ್ ಹುಡುಗರಿಗೆ ಅದು ಬರೀ ಒಂದು ವಿಳಾಸ. ಆದರೆ ಪಶ್ಚಿಮ ಬೆಂಗಳೂರಿನಿಂದ ಪರದೇಶಕ್ಕೆ ಸೇವೆಗೆಂದು ಹೊರಟವರ ಕತೆ ಯಾರಾದರೂ ಬರೆದರೆ ಮೊದಲ ಅಧ್ಯಾಯ ಅಲ್ಲಿಂದಲೇ ಶುರುವಾಗಬೇಕು. ವಿನೋಬಾ ಭಾವೆಯವರ ಪ್ರೇರಣೆಯಿಂದ ಹುಟ್ಟಿದ ವಿಶ್ವನೀಡಂ ಆಶ್ರಮದಲ್ಲಿ ಅರುವತ್ತರ ದಶಕದ ಆರಂಭದಲ್ಲಿ ಇಬ್ಬರು ಯುವಕರಿದ್ದರು. ಒಬ್ಬರು ರಾಜಸ್ಥಾನದ ಸತೀಶ್ ಕುಮಾರ್. ಒಂಬತ್ತನೇ ವಯಸ್ಸಿಗೆ ಜೈನ ಮುನಿಯಾಗಿ, ಹದಿನೆಂಟಕ್ಕೆ ದೀಕ್ಷೆ ಬಿಟ್ಟು ವಿನೋಬಾ ಜೊತೆ ಭೂದಾನಕ್ಕೆ ನಡೆದವರು. ಇನ್ನೊಬ್ಬರು ಇ.ಪಿ. ಮೆನನ್. ಅಣುಬಾಂಬನ್ನು ವಿರೋಧಿಸಿ ತೊಂಬತ್ತರ ಹತ್ತಿರದ ಬರ್ಟ್ರಂಡ್ ರಸೆಲ್ ಜೈಲಿಗೆ ಹೋದ ಸುದ್ದಿಯನ್ನು ಇವರು ಬೆಂಗಳೂರಿನ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಓದಿದರು. ಆ ವಯಸ್ಸಿನವರು ಜೈಲಿಗೆ ಹೋಗಿರುವಾಗ ನಾವಿಲ್ಲಿ ಕಾಫಿ ಕುಡಿಯುತ್ತ ಕೂತಿದ್ದೇವಲ್ಲ ಎಂಬ ನಾಚಿಕೆ ಅವರನ್ನು ಎಬ್ಬಿಸಿತು. ಅಣುಶಕ್ತಿಯ ನಾಲ್ಕು ರಾಜಧಾನಿಗಳಿಗೆ ನಡೆದೇ ಹೋಗುವುದೆಂದು ತೀರ್ಮಾನವಾಯಿತು. ಜೇಬಿನಲ್ಲಿ ಕಾಸಿಟ್ಟುಕೊಳ್ಳಬೇಡಿ ಎಂದರು ವಿನೋಬಾ. 1962ರ ಜೂನ್‌ನಲ್ಲಿ ದಿಲ್ಲಿಯ ರಾಜಘಾಟ್‌ನಿಂದ ಹೊರಟು ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ಹಾದು ಮಾಸ್ಕೊ, ಪ್ಯಾರಿಸ್, ಲಂಡನ್, ಕೊನೆಗೆ ವಾಷಿಂಗ್ಟನ್. ನಡುವೆ ಪ್ಯಾರಿಸ್ಸಿನಲ್ಲಿ ಜೈಲೂ ಆಯಿತು. ಸಮುದ್ರ ಬಂದಲ್ಲಿ ಹಡಗು, ಉಳಿದದ್ದೆಲ್ಲ ಕಾಲು. ಒಟ್ಟು ಸುಮಾರು 8,000 ಮೈಲಿ.

ಆಮೇಲೆ ಏನಾಯಿತು? ಸತೀಶ್ ಕುಮಾರ್ ಇಂಗ್ಲೆಂಡಿನಲ್ಲಿ ನೆಲೆನಿಂತು 1973ರಲ್ಲಿ ‘ರಿಸರ್ಜೆನ್ಸ್’ ಪತ್ರಿಕೆಯ ಸಂಪಾದಕರಾದರು, ನಾಲ್ಕು ದಶಕಕ್ಕೂ ಮಿಕ್ಕಿ ಅದನ್ನು ನಡೆಸಿದರು. 1990ರಲ್ಲಿ ಡೆವನ್‌ನ ಡಾರ್ಟಿಂಗ್ಟನ್‌ನಲ್ಲಿ ಶೂಮಾಕರ್ ಕಾಲೇಜು ಕಟ್ಟಿದವರಲ್ಲಿ ಅವರೂ ಒಬ್ಬರು. ಮೆನನ್ ಬೆಂಗಳೂರಿಗೆ ಮರಳಿ, ಅಮೆರಿಕದ ಕ್ವೇಕರ್ ಪಂಥದವರು ಸ್ಥಾಪಿಸಿದ ಫ್ರೆಂಡ್ಸ್ ವರ್ಲ್ಡ್ ಕಾಲೇಜಿನ ದಕ್ಷಿಣ ಏಷ್ಯಾ ಕೇಂದ್ರವನ್ನು ಇಲ್ಲಿಂದ ನಡೆಸಿದರು. ಕೆರಿಯರ್ ಅನ್ನುವುದಾದರೆ ಇಬ್ಬರಿಗೂ ಬದುಕಿಡೀ ಸಾಕಾಗುವಷ್ಟು ಸಿಕ್ಕಿತು. ಸಿಕ್ಕಿದ್ದು ದಾರಿಯಲ್ಲಿ ಊಟ ಹಾಕಿದವರು, ಸಭೆ ಕರೆದವರು, ಕಾಗದ ಬರೆದು ಮುಂದಿನೂರಿನವರಿಗೆ ಪರಿಚಯ ಮಾಡಿಕೊಟ್ಟವರು ಇವರ ಮೂಲಕ. ಇದನ್ನು ಮಾದರಿ ಎಂದು ಯಾರಿಗೂ ಶಿಫಾರಸು ಮಾಡಲಾರೆ. ಈಗ ಕಾಸಿಲ್ಲದೆ ಗಡಿಗೆ ಹೋದರೆ ಮೊದಲು ಕೇಳುವುದೇ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್.

ಅದೇ ವರ್ಷಗಳಲ್ಲಿ ಎದುರು ದಿಕ್ಕಿನಿಂದಲೂ ಜನ ಬರುತ್ತಿದ್ದರು. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಶುರುಮಾಡಿದ ಸ್ವಯಂಸೇವಾ ಸಂಸ್ಥೆ ಪೀಸ್ ಕೋರ್‌ನ ತರುಣರು ಆಗಿನ ಮೈಸೂರು ರಾಜ್ಯದ ಹಳ್ಳಿಗಳಿಗೂ ಬಂದು, ಕೋಳಿ ಸಾಕಣೆಯಂಥ ಕೆಲಸಗಳಲ್ಲಿ ಕೈಜೋಡಿಸಿ, ಹರಕುಮುರುಕು ಕನ್ನಡ ಕಲಿತು ಹೋದರು. 1976ರ ಹೊತ್ತಿಗೆ ಭಾರತದಲ್ಲಿ ಅದು ಮುಗಿಯಿತು. ನಮಗೆ ಗೊತ್ತಾಗಬೇಕಾದ್ದು ಅವರು ವಾಪಸು ಹೋದ ಮೇಲಿನ ಸಂಗತಿ. ಎರಡು ವರ್ಷ ಚಿಲ್ಲರೆ ಸೇವೆ ಮುಗಿಸಿದ ಪೀಸ್ ಕೋರ್‌ನವರನ್ನು ಅಮೆರಿಕದ ಕೇಂದ್ರ ಸರ್ಕಾರದ ಇಲಾಖೆಗಳು ಮಾಮೂಲಿ ಸ್ಪರ್ಧೆಯಿಲ್ಲದೆ ನೇಮಿಸಿಕೊಳ್ಳಬಹುದು. ಸೇವೆ ಮುಗಿದ ಒಂದು ವರ್ಷದವರೆಗೆ ಈ ಅರ್ಹತೆ ಇರುತ್ತದೆ. ಅಂದರೆ, ಸಂಬಳವಿಲ್ಲದ ದುಡಿಮೆಯನ್ನು ಸಂಬಳದ ಕುರ್ಚಿಗೆ ಜೋಡಿಸುವ ಮೆಟ್ಟಿಲನ್ನು ಅಲ್ಲಿ ಸರ್ಕಾರವೇ ಕಟ್ಟಿದೆ. ಫ್ರೀಮಾಂಟ್‌ನಲ್ಲೋ ಡಲ್ಲಾಸ್‌ನಲ್ಲೋ ಹುಟ್ಟಿ ಬೆಳೆದ ನಮ್ಮ ನೆಂಟರ ಮಕ್ಕಳಿಗೆ ಆ ಮೆಟ್ಟಿಲು ಉಂಟು, ಅಮೆರಿಕದ ಪೌರತ್ವ ಇರುವುದರಿಂದ. ವಿಜಯನಗರದಲ್ಲೇ ಬೆಳೆದವರಿಗೆ ಇಲ್ಲ. ನಮ್ಮ ಎನ್‌ಎಸ್‌ಎಸ್ 1969ರಿಂದ ಇದೆ, ಎರಡು ವರ್ಷಕ್ಕೆ 240 ಗಂಟೆ ದುಡಿಸುತ್ತದೆ, ಸರ್ಟಿಫಿಕೇಟು ಕೊಡುತ್ತದೆ. ಕೆಎಎಸ್ ಪರೀಕ್ಷೆಯಲ್ಲಿ ಅದಕ್ಕೆ ಅರ್ಧ ಅಂಕವೂ ಬೀಳುವುದಿಲ್ಲ.

ಹಾಗಾದರೆ ನಮ್ಮವರಿಗೆ ದಾರಿ ಇಲ್ಲವೇ? ಇದೆ. ಅದನ್ನು ಗುರುತಿಸುವ ಒಂದೇ ಸುಲಭ ಗುರುತು, ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದು.

ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ, ಯುಎನ್‌ವಿ, 1971ರಿಂದ ನಡೆಯುತ್ತಿದೆ. ಕಚೇರಿ ಜರ್ಮನಿಯ ಬಾನ್ ನಗರದಲ್ಲಿ. ಹೆಸರು ನೋಂದಾಯಿಸಲು ಒಂದು ರೂಪಾಯಿ ಇಲ್ಲ. ಆಯ್ಕೆಯಾದವರಿಗೆ ಆ ದೇಶದ ಬೆಲೆಗೆ ತಕ್ಕ ಜೀವನಭತ್ಯೆ, ಆರೋಗ್ಯ ವಿಮೆ, ಹೋಗಿಬರುವ ಖರ್ಚು ಎಲ್ಲ ಅವರದೇ. ಸಂಬಳ ಎನ್ನುವುದಿಲ್ಲ, ಅಷ್ಟೆ. ಯುವಕರ ವಿಭಾಗ 18ರಿಂದ 26ರವರೆಗೆ. ಅನುಭವಸ್ಥ ತಜ್ಞರ ವಿಭಾಗ 27ರಿಂದ ಶುರು. ಒಟ್ಟಾರೆ ವಯಸ್ಸಿನ ಮಿತಿ 80. ನಿವೃತ್ತಿಯಾಗಿ ಪಾರ್ಕ್ ಬೆಂಚಿನ ಮೇಲೆ ಸರ್ಕಾರಕ್ಕೆ ಬೈಯುತ್ತ ಕೂತ ರಾಜಾಜಿನಗರದ ಎಂಜಿನಿಯರುಗಳು ಗಮನಿಸಬೇಕು. ಮುಖ್ಯ ವಿಷಯ ಬೇರೆ: ಇಲ್ಲಿ ಮಾಡಿದ ಕೆಲಸವನ್ನು ವಿಶ್ವಸಂಸ್ಥೆಯ ಸಂಸ್ಥೆಗಳು ಮುಂದೆ ಅನುಭವವೆಂದು ಲೆಕ್ಕಕ್ಕೆ ಹಿಡಿಯುತ್ತವೆ. ಮೊದಲಿಗೇ ದಕ್ಷಿಣ ಸುಡಾನಿಗೆ ಹೋಗಬೇಕೆಂದೂ ಇಲ್ಲ. ಭಾರತದೊಳಗೇ ಯುನಿಸೆಫ್, ಯುಎನ್‌ಡಿಪಿಯಂಥ ಕಚೇರಿಗಳಿಗೆ ದೇಶೀಯ ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತಾರೆ. ಇನ್ನೂ ಸಣ್ಣದಾಗಿ ಶುರು ಮಾಡಬೇಕೆಂದರೆ ಆನ್‌ಲೈನ್ ಸ್ವಯಂಸೇವೆ ಇದೆ: ವಾರಕ್ಕೆ ಹೆಚ್ಚೆಂದರೆ 20 ಗಂಟೆ, ಮನೆಯಲ್ಲೇ ಕೂತು ಅನುವಾದ, ವಿನ್ಯಾಸ, ಲೆಕ್ಕಪತ್ರ, ಡೇಟಾ ಕೆಲಸ. ನಾಲ್ಕು ವರ್ಷದಿಂದ ಪ್ರಿಲಿಮ್ಸ್ ಬರೆಯುತ್ತಿರುವ ಹುಡುಗರ ರೆಸ್ಯೂಮೆಯಲ್ಲಿ ಆ ನಾಲ್ಕು ವರ್ಷದ ಜಾಗ ಖಾಲಿ ಬಿದ್ದಿರುತ್ತದೆ. ಅದನ್ನು ತುಂಬಲು ಇದಕ್ಕಿಂತ ಮರ್ಯಾದೆಯ ಉಪಾಯ ನನಗೆ ಕಂಡಿಲ್ಲ.

ಇನ್ನು ಬೋರ್ಡುಗಳ ನಿಜವಾದ ತಾರೆ ಜರ್ಮನಿ. ಅಲ್ಲಿ ಕಡ್ಡಾಯ ಸೈನ್ಯ ಸೇವೆ ನಿಂತ 2011ರಲ್ಲಿ, ಅದರ ಬದಲಿಗೆ ಆಸ್ಪತ್ರೆ, ವೃದ್ಧಾಶ್ರಮ, ಅಂಗವಿಕಲರ ಮನೆಗಳಲ್ಲಿ ದುಡಿಯುತ್ತ ಬಂದಿದ್ದ ಹುಡುಗರ ಜಾಗ ತುಂಬಲೆಂದು ‘ಬುಂಡೆಸ್‌ಫ್ರೈವಿಲಿಗನ್‌ಡೀನ್‌ಸ್ಟ್’ ಎಂಬ ಕೇಂದ್ರ ಸ್ವಯಂಸೇವೆ ಶುರುವಾಯಿತು. ಉಚ್ಚರಿಸಲಾರದವರು ಬಿಎಫ್‌ಡಿ ಅಂತಾರೆ. ಅದಕ್ಕಿಂತ ಹಳೆಯದು ಎಫ್‌ಎಸ್‌ಜೆ, ಸಮಾಜಸೇವೆಯ ವರ್ಷ. ಹೊರದೇಶದವರೂ ಸೇರಬಹುದು. ಸಾಮಾನ್ಯವಾಗಿ ಒಂದು ವರ್ಷ. ತಿಂಗಳಿಗೆ ಕೆಲವು ನೂರು ಯೂರೋ ಕೈಖರ್ಚು, ಬಹಳ ಕಡೆ ವಸತಿ-ಊಟ, ವಿಮೆ. ವರ್ಷದ ಕೊನೆಗೆ ಭಾಷೆ ನಾಲಿಗೆಗೆ ಹತ್ತಿರುತ್ತದೆ, ಸಂಸ್ಥೆಯ ಮ್ಯಾನೇಜರಿಗೆ ನಿಮ್ಮ ಮುಖ ಪರಿಚಯವಾಗಿರುತ್ತದೆ. ಅಲ್ಲಿಂದ ಮೂರು ವರ್ಷದ ನರ್ಸಿಂಗ್ ಔಸ್‌ಬಿಲ್ಡುಂಗ್‌ಗೆ, ಅಂದರೆ ಕಲಿಯುತ್ತಲೇ ಭತ್ಯೆ ಪಡೆಯುವ ತರಬೇತಿಗೆ, ಜಿಗಿಯುವವರು ಉಂಟು. ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಭತ್ಯೆ ತಿಂಗಳಿಗೆ ಸಾವಿರ ಯೂರೋಗೂ ಹೆಚ್ಚು. ವಯಸ್ಸಾದವರೇ ತುಂಬಿರುವ ದೇಶಕ್ಕೆ ಕೈಗಳು ಬೇಕು, ಮರ್ಮ ಇಷ್ಟೇ.

ಭಾಷೆ ಕಲಿಯಲು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಕೆಂಗೇರಿಯಿಂದ ನೇರಳೆ ಮಾರ್ಗದಲ್ಲಿ ಗಾಡಿ ಬದಲಿಸದೆ ಹೋಗಬಹುದು. ಅಲ್ಲಿಯವರೆಗೆ ಎಲ್ಲ ಸರಿ. ತಕರಾರು ಬರುವುದು ನಡುವಿನವರಲ್ಲಿ. ಜರ್ಮನ್ ವೃದ್ಧಾಶ್ರಮ ಸ್ವಯಂಸೇವಕರಿಂದ ಶುಲ್ಕ ಕೇಳುವುದಿಲ್ಲ. ಇಲ್ಲಿನ ಏಜೆಂಟು ‘ಸೀಟು’ ಎಂದು ಕರೆದು ಲಕ್ಷಗಳ ಲೆಕ್ಕ ಹೇಳುತ್ತಾನೆ. ಸೀಟು ಸಿಗುವುದಕ್ಕೆ ಇದೇನು ಸಿಇಟಿಯೇ? ಇನ್ನೊಂದು ಮಾತು, ನಾಗರಭಾವಿ, ಕೆಂಗೇರಿ ಕಡೆಯ ನರ್ಸಿಂಗ್ ಕಾಲೇಜುಗಳ ಹುಡುಗಿಯರಿಗೆ: ಬಿಎಸ್ಸಿ ನರ್ಸಿಂಗ್ ಕೈಯಲ್ಲಿದ್ದರೆ ಬಿಎಫ್‌ಡಿ ನಿಮಗಲ್ಲ ತಾಯಿ. ನಿಮ್ಮ ಪದವಿಗೆ ಅಲ್ಲಿ ಮಾನ್ಯತೆ ಪಡೆಯುವ ಬೇರೆ ದಾರಿ ಇದೆ, ಅದರಲ್ಲಿ ಹೋದರೆ ನರ್ಸಿನ ಸಂಬಳವೇ ಸಿಗುತ್ತದೆ. ನಾಲ್ಕು ವರ್ಷ ಓದಿ, ಪಿಯುಸಿ ಮುಗಿಸಿದವರು ಮಾಡುವ ಕೆಲಸಕ್ಕೆ ಕೈಖರ್ಚಿನ ಮೇಲೆ ನಿಲ್ಲುವುದು ಸೇವೆಯಲ್ಲ, ಪೆದ್ದುತನ. ಬಿಎಫ್‌ಡಿ ಹೊಂದುವುದು ಪಿಯುಸಿ, ಬಿಎ, ಬಿಎಸ್‌ಡಬ್ಲ್ಯು ಮುಗಿಸಿ ಮುಂದೇನು ಎಂದು ನಿಂತವರಿಗೆ.

ಡಾಕ್ಟರುಗಳು ಮಾತ್ರ ಹೋಗುವ ಜಾಗ ಎಂದು ನಾವು ಭಾವಿಸಿರುವ ಮೆಡ್‌ಸಾಂ ಸಾನ್ ಫ್ರಾಂಟಿಯೆರ್, ಎಂಎಸ್‌ಎಫ್, ಇದರ ಬಗ್ಗೆಯೂ ಒಂದಿಷ್ಟು ಹೇಳಬೇಕು. 1971ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ, 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಸಂಸ್ಥೆ ಇದು. ಯುದ್ಧ, ಪ್ರವಾಹ, ಕಾಲರಾ ಇದ್ದಲ್ಲಿ ಡೇರೆ ಹಾಕಿ ಆಸ್ಪತ್ರೆ ನಡೆಸುತ್ತದೆ. ಆ ಆಸ್ಪತ್ರೆಗೆ ಜನರೇಟರ್ ಬೇಕು, ನೀರಿನ ಪಂಪು ಬೇಕು, ಲಸಿಕೆ ಕೆಡದಂತೆ ಫ್ರಿಜ್ಜುಗಳ ಸಾಲು ಬೇಕು, ಜೀಪು ರಿಪೇರಿ ಆಗಬೇಕು, ಲೆಕ್ಕ ಬರೆಯುವವರು ಬೇಕು. ಅದಕ್ಕೇ ಅವರು ಡಾಕ್ಟರು, ನರ್ಸುಗಳ ಜೊತೆಗೆ ‘ಲಾಜಿಸ್ಟಿಷಿಯನ್’ಗಳನ್ನೂ ಅಕೌಂಟೆಂಟುಗಳನ್ನೂ ತೆಗೆದುಕೊಳ್ಳುತ್ತಾರೆ, ತಿಂಗಳ ಭತ್ಯೆ, ಪ್ರಯಾಣ, ವಿಮೆ ಕೊಡುತ್ತಾರೆ, ವೃತ್ತಿ ಅನುಭವ ಇರಲೇಬೇಕು ಎನ್ನುತ್ತಾರೆ. ರಾಜಾಜಿನಗರ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ ಪಂಪು, ಮೋಟಾರು, ಡೀಸೆಲ್ ಎಂಜಿನ್ನುಗಳನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವ ಡಿಪ್ಲೊಮಾ ಹುಡುಗರಿದ್ದಾರೆ. ಅವರ ಮುಂದೆ ಇಂಥದೊಂದು ಬಾಗಿಲಿದೆ ಎಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ? ಇಂಗ್ಲಿಷೋ ಫ್ರೆಂಚೋ ಮಾತಾಡುವಷ್ಟು ಬೇಕು, ಅದು ನಿಜ. ಆದರೆ ಸಿಕ್ಕಿದ ಸಾಮಾನಿನಲ್ಲೇ ಕೆಲಸ ಸಾಗಿಸುವ ಕಸುಬು ಆ ಶೆಡ್ಡುಗಳಲ್ಲಿ ಸಿಗುವಷ್ಟು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿಗುವುದಿಲ್ಲ. ಅಂಥ ಡೇರೆಯಲ್ಲಿ ವರ್ಷ ಕಳೆದವನು ವಾಪಸು ಬಂದು ವಿಪತ್ತು ನಿರ್ವಹಣೆ, ಗೋದಾಮು, ಔಷಧ ಸಾಗಣೆ ಇಂಥ ಕಡೆ ಮೇಲ್ವಿಚಾರಕನ ಕುರ್ಚಿ ಕೇಳಬಲ್ಲ.

ಹೊರದೇಶದ ಸ್ವಯಂಸೇವೆ ಅಂದರೆ ಸೇವೆಗೆಂದೇ ಇಲ್ಲಿಂದ ಹೋಗುವವರದ್ದಷ್ಟೇ ಅಲ್ಲ. ಮದುವೆಯಾಗಿ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದ ಪಶ್ಚಿಮ ಬೆಂಗಳೂರಿನ ಹೆಣ್ಣುಮಕ್ಕಳ ಸಂಖ್ಯೆ ಸಣ್ಣದಲ್ಲ. ಇಲ್ಲಿ ಬಿಇ ಮಾಡಿ ಸಾಫ್ಟ್‌ವೇರ್ ಕಂಪನಿಯಲ್ಲಿ ತಂಡ ನಡೆಸುತ್ತಿದ್ದವಳು ಅಲ್ಲಿ ಗಂಡನ ವೀಸಾದ ನೆರಳಲ್ಲಿ, ಸಂಬಳಕ್ಕೆ ದುಡಿಯುವ ಅನುಮತಿಯಿಲ್ಲದೆ ಅಡುಗೆಮನೆ ಸೇರುತ್ತಾಳೆ. 2015ರಿಂದ ಕೆಲವು ಎಚ್-4ನವರಿಗೆ ಕೆಲಸದ ಪರವಾನಗಿ ಸಿಗುತ್ತಿದೆ. ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ಮುಟ್ಟಿದ್ದರೆ. ಮಿಕ್ಕವರು? ಬಹಳ ಮಂದಿ ಶನಿವಾರ, ಭಾನುವಾರದ ಕನ್ನಡ ಶಾಲೆಗಳಲ್ಲಿ ಟೀಚರಾಗುತ್ತಾರೆ, ಪುಕ್ಕಟೆಯಾಗಿ. ಅಮೆರಿಕದ ‘ಕನ್ನಡ ಕಲಿ’ ತರಗತಿಗಳು, ದುಬೈಯ ಕನ್ನಡ ಪಾಠಶಾಲೆ ನಡೆಯುತ್ತಿರುವುದು ಇಂಥವರ ದುಡಿಮೆಯಿಂದ. ಪಾಠದ ಯೋಜನೆ ಬರೆಯುವುದು, ಮಕ್ಕಳ ಪ್ರಗತಿ ದಾಖಲಿಸುವುದು, ಅಪ್ಪ-ಅಮ್ಮಂದಿರನ್ನು ಸಂಭಾಳಿಸುವುದು ಇವೆಲ್ಲ ಯಾವ ಶಾಲೆಯಲ್ಲೂ ನಡೆಯುವ ಅನುಭವ. ಪರವಾನಗಿ ಕೈಗೆ ಬಂದ ದಿನ ಅದೇ ಅನುಭವ ಹಿಡಿದು ಶಾಲಾ ಸಹಾಯಕಿಯ ಕೆಲಸಕ್ಕೆ, ಬದಲಿ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಬಹುದು. ತೊಂದರೆ ಏನೆಂದರೆ ನಮ್ಮ ಹೆಣ್ಣುಮಕ್ಕಳು ಇದನ್ನು ರೆಸ್ಯೂಮೆಯಲ್ಲಿ ಬರೆಯುವುದೇ ಇಲ್ಲ. ‘ಅಯ್ಯೋ, ಅದೇನು ಕೆಲಸಾನಾ ಅಂಕಲ್, ಸುಮ್ನೆ ಟೈಮ್‌ಪಾಸು’ ಅಂತಾರೆ. ಐದು ವರ್ಷ ನಲವತ್ತು ಮಕ್ಕಳಿಗೆ ಒತ್ತಕ್ಷರ ಕಲಿಸಿದ್ದು ಟೈಮ್‌ಪಾಸಾದರೆ ಕೆಲಸ ಎಂದು ಯಾವುದನ್ನು ಕರೆಯೋಣ?

ಬರೆದಿಡುವುದು ಏಕೆ ಮುಖ್ಯ ಎಂದರೆ ಪುಕ್ಕಟೆ ದುಡಿಮೆಗೆ ಒಂದೊಂದು ದೇಶ ಒಂದೊಂದು ಬೆಲೆ ಕಟ್ಟುತ್ತದೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವಲಸೆಗೆ ಸಂಬಳ ಪಡೆದ ಕೆಲಸ ಮಾತ್ರ ಲೆಕ್ಕ; ಸ್ವಯಂಸೇವೆ, ಸಂಬಳವಿಲ್ಲದ ಇಂಟರ್ನ್‌ಶಿಪ್ ಎರಡಕ್ಕೂ ಸೊನ್ನೆ. ‘ಕೆನಡಾದಲ್ಲಿ ವಾಲಂಟಿಯರ್ ಮಾಡಿ, ಪಿಆರ್ ಪಡೆಯಿರಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅತ್ತ ಬ್ರಿಟನ್ ಸರ್ಕಾರದ ಚೀವ್‌ನಿಂಗ್ ವಿದ್ಯಾರ್ಥಿವೇತನ ನೋಡಿ. ಒಂದು ವರ್ಷದ ಸ್ನಾತಕೋತ್ತರ ಓದಿಗೆ ಶುಲ್ಕ, ವಸತಿ, ವಿಮಾನ ಎಲ್ಲ ಕೊಡುವ ಅದು ಕೇಳುವುದು 2,800 ಗಂಟೆಗಳ ಕೆಲಸದ ಅನುಭವ. ಸ್ವಯಂಸೇವೆಯ ಗಂಟೆಗಳೂ ಅದರಲ್ಲಿ ಸೇರುತ್ತವೆ. ಒಂದೇ ದುಡಿಮೆ, ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಪೂರ್ಣಾಂಕ. ಬ್ರಿಟನ್ನಿನದೇ ಚಾರಿಟಿ ವರ್ಕರ್ ವೀಸಾ ಇದೆ, ಹನ್ನೆರಡು ತಿಂಗಳವರೆಗೆ. ಅದರಲ್ಲಿ ಹೋದವರು ಆ ಕೆಲಸಕ್ಕೆ ಸಂಬಳ ಪಡೆಯುವಂತಿಲ್ಲ, ಕಾಯಂ ನೌಕರಿ ಹಿಡಿಯುವಂತಿಲ್ಲ. ಟೂರಿಸ್ಟ್ ವೀಸಾದಲ್ಲಿ ಹೋಗಿ ಸೇವೆ ಮಾಡಿ ಎಂಬ ಸಲಹೆಯಂತೂ ಬಹಳ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದವನ ಪಾಸ್‌ಪೋರ್ಟಿಗೆ ಬೀಳುವ ಮುದ್ರೆ ಮುಂದಿನ ಹತ್ತು ಅರ್ಜಿಗಳನ್ನು ತಿನ್ನುತ್ತದೆ.

ಇನ್ನು ಎರಡು ವಾರ ಹೋಗಿ ಅನಾಥಾಶ್ರಮದ ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಬರುವ ಪ್ಯಾಕೇಜುಗಳು. ನೇಪಾಳ, ಕಾಂಬೋಡಿಯಾಗಳಲ್ಲಿ ಇದು ದಂಧೆಯಾಗಿ, ಅಪ್ಪ-ಅಮ್ಮ ಇರುವ ಮಕ್ಕಳನ್ನೇ ‘ಅನಾಥ’ರನ್ನಾಗಿಸಿ ಕೂಡಿಟ್ಟು ಪ್ರವಾಸಿಗರಿಗೆ ತೋರಿಸಿದ ಪ್ರಕರಣಗಳು ಬೆಳಕಿಗೆ ಬಂದಿವೆ. ಆಸ್ಟ್ರೇಲಿಯಾ 2018ರ ಆಧುನಿಕ ಗುಲಾಮಗಿರಿ ಕಾಯ್ದೆ ತರುವಾಗ ಇದನ್ನು ಗುಲಾಮಗಿರಿಯ ಒಂದು ರೂಪವೆಂದೇ ಗುರುತಿಸಿತು. ಅಂಥ ಫೋಟೊ ರೆಸ್ಯೂಮೆಗೆ ಅಂಟಿಸಿ ಯಾವುದಾದರೂ ಒಳ್ಳೆಯ ಮಕ್ಕಳ ಸಂಸ್ಥೆಗೆ ಕಳಿಸಿದರೆ ಅರ್ಜಿ ಅಲ್ಲೇ ಮುಗಿಯಿತು. ಇದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಒಬ್ಬ ತಂದೆ ಎಲ್ಲಿ ಹೋಗಿ ಕೇಳಬೇಕು? ಸಂಬಳದ ಕೆಲಸಕ್ಕೆ ಜನ ಕಳಿಸುವ ಏಜೆಂಟನಾದರೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಇರಲೇಬೇಕು, ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ಅದೇ ಮನುಷ್ಯ ‘ಇದು ಉದ್ಯೋಗವಲ್ಲ, ವಾಲಂಟಿಯರಿಂಗ್’ ಎಂದುಬಿಟ್ಟರೆ ಆ ಬೇಲಿಯ ಆಚೆ ನಿಂತು ವ್ಯಾಪಾರ ಮಾಡುತ್ತಾನೆ. ಬೋರ್ಡಿನ ಕೆಳಸಾಲಿನಲ್ಲಿ ಈ ಪದ ಬಂದು ಕೂತಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಗುಮಾನಿ.

ನಮ್ಮ ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಎಂಬುದೊಂದಿದೆ. ನರ್ಸುಗಳು, ಚಾಲಕರು ಸರಿಯಾದ ದಾರಿಯಲ್ಲಿ ಹೊರದೇಶದ ಕೆಲಸಕ್ಕೆ ಹೋಗಲಿ ಎಂದು ಮಾಡಿದ್ದು. ಸ್ವಯಂಸೇವೆಗೆ ಹೋಗುವವರ ಒಪ್ಪಂದಪತ್ರವನ್ನೂ ಅದೇ ಕೇಂದ್ರ ನೋಡಿಕೊಟ್ಟರೆ ಏನು ನಷ್ಟ? ಪಶ್ಚಿಮ ಬೆಂಗಳೂರಿಗೆ ಈಗ ಪ್ರತ್ಯೇಕ ನಗರ ಪಾಲಿಕೆಯೇ ಬಂದಿದೆ. ಹಂಪಿನಗರದಲ್ಲಿ ಪಶ್ಚಿಮ ವಲಯದ ಕೇಂದ್ರ ಗ್ರಂಥಾಲಯವಿದೆ, ಬೆಳಿಗ್ಗೆಯಿಂದ ಅಲ್ಲಿ ಕುರ್ಚಿಗೆ ಪೈಪೋಟಿ. ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಎನ್‌ಎಸ್‌ಎಸ್ ವಿಭಾಗವಿದೆ. ಯುಎನ್‌ವಿ ಕರೆಗಳನ್ನು, ಚೀವ್‌ನಿಂಗ್‌ನ ಕೊನೆಯ ದಿನಾಂಕವನ್ನು ಕನ್ನಡದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಲು ಟೆಂಡರು ಕರೆಯಬೇಕಾಗಿಲ್ಲ. ಎನ್‌ಎಸ್‌ಎಸ್ ಸರ್ಟಿಫಿಕೇಟಿನಲ್ಲಿ ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂಬ ಒಂದು ಸಾಲಿನ ಬದಲು ಎಲ್ಲಿ, ಯಾವ ಕೆಲಸ, ಎಷ್ಟು ಗಂಟೆ, ಯಾರ ಮೇಲ್ವಿಚಾರಣೆಯಲ್ಲಿ ಎಂದು ಇಂಗ್ಲಿಷಿನಲ್ಲೂ ಬರೆದು, ಮೇಲ್ವಿಚಾರಕರ ಇಮೇಲ್ ವಿಳಾಸ ಹಾಕಿ ಸೀಲು ಒತ್ತಿಕೊಟ್ಟರೆ ಬಾನ್‌ನಲ್ಲಿ ಕೂತವನಿಗೂ ಅದು ಅರ್ಥವಾಗುತ್ತದೆ. ಇದಕ್ಕೆ ಬಜೆಟ್ ಬೇಡ, ಒಂದು ಹೊಸ ಫಾರಂ ಸಾಕು. ವಲಸೆ ಕೇಂದ್ರಕ್ಕಾದರೆ ಇನ್ನೊಂದು ಮೇಜು, ಜರ್ಮನ್ ಓದಬಲ್ಲ ಒಬ್ಬ ಸಿಬ್ಬಂದಿ, ವಾರಕ್ಕೆರಡು ದಿನ ತೆರೆದ ಬಾಗಿಲು. ಮೊದಲ ಸೋಮವಾರವೇ ಸಾಲು ನಿಲ್ಲುತ್ತದೆ. ಅರ್ಧ ಸಾಲು ಅಪ್ಪಂದಿರದೇ ಆಗಿರುತ್ತದೆ.